ಇಸ್ತ್ರಿ ಮೇಜಿನ ಕೆಳಗಿನ ಬಾವಿ

“ಕೊಕ್ಕರೆ ನೋಡೋಕೆ ಕೆರೆಗೆ ಯಾಕೆ ಹೋಗ್ತೀರಿ, ಗಾರೆಯವನ ಹಿತ್ತಿಲಿಗೆ ಹೋಗಿ” ಎಂದು ಬೀದಿಯವರು ಹೇಳುತ್ತಿದ್ದರು. ಸುಮ್ಮನೆ ಹೇಳುತ್ತಿರಲಿಲ್ಲ. ಆ ಹಿತ್ತಿಲಿನಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಬಿಗಿದಿತ್ತು, ಹಗ್ಗದ ತುಂಬ ಹೆರಿಗೆ ಆಸ್ಪತ್ರೆಯ ಬಟ್ಟೆ ಇರುತ್ತಿತ್ತು. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರ ಕೋಟು, ಆಗತಾನೆ ಹುಟ್ಟಿದ ಮಗುವನ್ನು ಸುತ್ತುವ ಚೌಕದ ಬಟ್ಟೆ. ಗಾಳಿ ಬೀಸಿದರೆ ಎಲ್ಲ ಒಟ್ಟಿಗೆ ರೆಕ್ಕೆ ಬಡಿದು ಎದ್ದೇಬಿಡುತ್ತವೆ ಅನ್ನಿಸಬೇಕು, ಅಂಥ ಬಿಳಿ.

ಒಗೆಯುವವಳಿಗೂ ಕೊಕ್ಕರೆ ಎಂದೇ ಹೆಸರು ಬಿತ್ತು. ಎದುರಿಗೆ ಅಕ್ಕ, ಹಿಂದೆ ಕೊಕ್ಕರೆ. ಹೆಸರು ಮೈಗೂ ಒಪ್ಪುತ್ತಿತ್ತು. ಉದ್ದ ಕತ್ತು, ಉದ್ದ ಕಾಲು. ಇಸ್ತ್ರಿ ಮಾಡುವಾಗ ಒಂದು ಕಾಲು ದಣಿದರೆ ಅದನ್ನು ಮಡಚಿ ಇನ್ನೊಂದು ಕಾಲಿನ ಮಂಡಿಗೆ ಒರಗಿಸಿ, ಒಂಟಿ ಕಾಲಿನ ಮೇಲೆ ನಿಂತೇ ಕೆಲಸ ಮುಂದುವರಿಸುವಳು. ಎದುರು ಮನೆಯ ಟೈಲರ್ ತನ್ನ ಮೆಷಿನ್ನಿನ ಮುಂದೆ ಕೂತು ಅದನ್ನು ನೋಡಿ ನಗುವನು. “ಅವಳ ಕೈಗೆ ಕಾಗೆ ಸಿಕ್ಕಿದ್ರೂ ಬೆಳ್ಳಗೆ ಮಾಡಿ ಕಳಿಸ್ತಾಳೆ. ಗಂಡನ ತಲೆ ನೋಡಿ, ಮೂವತ್ತಕ್ಕೇ ಬೆಳ್ಳಗಾಯ್ತು” ಎನ್ನುವನು. ಅವಳ ಕಿವಿಗೂ ಅದು ಬೀಳುತ್ತಿತ್ತು. “ನಿನ್ನ ತಲೆ ಒಳಗಿರೋದನ್ನ ಮಾತ್ರ ನನ್ನ ಕೈಲಿ ತೊಳೆಯೋಕಾಗಲ್ಲಪ್ಪ” ಎಂದು ಅವನು ಕೂತಲ್ಲಿಗೇ ಉತ್ತರ ಬರುತ್ತಿತ್ತು.

ಅವಳಿಗೆ ಮಕ್ಕಳಾಗಲಿಲ್ಲ. ಆ ವಿಷಯ ಯಾರೂ ಎತ್ತುತ್ತಿರಲಿಲ್ಲ, ಅವಳೂ ಎತ್ತುತ್ತಿರಲಿಲ್ಲ. ಆದರೆ ಬೀದಿಯಲ್ಲಿ ಯಾವ ಮಗುವಾದರೂ ಓಡಿಬಂದು ಕಾಲಿಗೆ ಡಿಕ್ಕಿ ಹೊಡೆದರೆ ಅದರ ಕೆನ್ನೆ ಹಿಡಿದು, “ನಿನ್ನ ಮೊದಲನೇ ಬಟ್ಟೆ ನನ್ನ ಕೈಯಲ್ಲಿ ಒಗೆದಿದ್ದು, ತಿಳೀತಾ” ಎನ್ನುವಳು. ಮಗುವಿಗೆ ಏನೂ ತಿಳಿಯುತ್ತಿರಲಿಲ್ಲ. ತಾಯಂದಿರಿಗೆ ತಿಳಿಯುತ್ತಿತ್ತು.

ಅವಳು ಸೊಸೆಯಾಗಿ ಬಂದ ಕಾಲದಲ್ಲಿ ಆ ಹಿತ್ತಿಲಿನಲ್ಲಿ ಬಾವಿ ಇತ್ತು. ಬಂದ ಮಾರನೆಯ ಬೆಳಗ್ಗೆಯೇ ಅತ್ತೆ ಕೊಡ ಕೈಗೆ ಕೊಟ್ಟು, “ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ, ಬಾ” ಎಂದು ಕರೆದುಕೊಂಡು ಹೋಗಿದ್ದಳು. ಕಲ್ಲಿನ ಕಟ್ಟೆ, ಮರದ ರಾಟೆ, ಕೈಯಳತೆಯಲ್ಲೇ ಅನ್ನುವಷ್ಟು ಮೇಲಿದ್ದ ನೀರು. ಎಂಥ ಮೆದು ನೀರೆಂದರೆ, ಸವೆದು ಬಿಲ್ಲೆಯಾದ ಸಾಬೂನನ್ನು ಒಮ್ಮೆ ಸವರಿದರೆ ನೊರೆ ಮೊಣಕೈವರೆಗೆ ಏರುತ್ತಿತ್ತು. ಬಿಳಿ ಮಾಡುವ ವಿದ್ಯೆ ತನ್ನ ಕೈಯಲ್ಲಿದೆ ಎಂದು ಅವಳು ತಿಳಿದಿದ್ದಳು. ಅರ್ಧ ವಿದ್ಯೆ ಆ ನೀರಿನಲ್ಲಿತ್ತು.

ಆಮೇಲೆ ನಲ್ಲಿ ಬಂತು. ನದಿಯ ನೀರು ಮನೆಯ ಬಾಗಿಲಿಗೇ ಬಂತು. ಆಸ್ಪತ್ರೆಯ ಬಟ್ಟೆಯೂ ಅದೇ ಹೊತ್ತಿಗೆ ಹೆಚ್ಚಾಯಿತು. ಬಯಲಿನಲ್ಲಿ ಇಸ್ತ್ರಿ ಮಾಡಿದರೆ ಧೂಳು ಕೂರುತ್ತದೆ, ಒಂದು ಕೋಣೆ ಬೇಕು ಎಂದು ಗಂಡನ ಬೆನ್ನು ಹತ್ತಿದವಳು ಅವಳೇ. ಗಂಡ ಗಾರೆ ಕೆಲಸದವನು. ಕೋಣೆ ಕಟ್ಟಲು ಅವನಿಗೆ ಯಾರ ಹಂಗೂ ಇರಲಿಲ್ಲ. ಜಾಗ ತೋರಿಸಿದವಳೂ ಅವಳೇ. ಬಾವಿಕಟ್ಟೆ ಆಗಲೇ ಮಟ್ಟವಾಗಿದೆ, ಗಟ್ಟಿ ಕಲ್ಲಿದೆ, ಬಾವಿಗೆ ಮಣ್ಣು ತುಂಬಿಸಿದರೆ ಕಟ್ಟೆಯೇ ತಳಪಾಯ ಆಗುತ್ತದೆ ಎಂದಳು. ಉಳಿತಾಯದ ಲೆಕ್ಕ ಗಂಡನಿಗೆ ಹಿಡಿಸಿತು.

ಅತ್ತೆ ಮಾತ್ರ ಅಡ್ಡ ಕೂತಳು. “ನೀರಿರೋ ಬಾವಿ ಮುಚ್ಚೋದೂ ಒಂದೇ, ಉಣ್ಣೋ ತಟ್ಟೆ ಮಗುಚೋದೂ ಒಂದೇ ಕಣೋ.”

“ನಲ್ಲಿ ಮನೆ ಮುಂದೇ ಇದೆಯಲ್ಲಮ್ಮ.”

“ನಲ್ಲಿ ಅನ್ನೋದು ನೆಂಟ ಕಣೋ, ಬಂದ್ರೆ ಬಂತು. ಬಾವಿ ಮನೆ ಮಗ.”

ಮನೆ ಮಗನ ಮೇಲೆ ಒಡೆದ ಇಟ್ಟಿಗೆ, ಹಳೆ ಗಾರೆಯ ಹೆಂಟೆ, ಮಡಕೆ ಚೂರು ಎಲ್ಲ ಬಿದ್ದವು. ಮೊದಲ ಬುಟ್ಟಿ ಸುರಿದವಳು ಸೊಸೆ. ಮೇಲೆ ನೆಲ ಹಾಕಿ, ಗೋಡೆ ಎಬ್ಬಿಸಿ, ಮನೆಯ ಹಿಂಗೋಡೆಗೆ ಸೇರಿಸಿ ಸೂರು ಇಳಿಸಿದರು. ಅತ್ತೆ ಆ ಕೋಣೆಗೆ ಬಂದಾಗಲೆಲ್ಲ ನಡುವೆ ನಿಂತು ನೆಲವನ್ನು ಹಿಮ್ಮಡಿಯಿಂದ ಒಮ್ಮೆ ತಟ್ಟುತ್ತಿದ್ದಳು. ಸೊಸೆ ಇಸ್ತ್ರಿಯ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ.

ಹೀಗೆ ಎಷ್ಟೋ ವರ್ಷ ನಡೆಯಿತು. ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಮಂಡಿ ಒಡೆದುಕೊಂಡ ಮೇಲೆ ಮನೆ ನಡೆದದ್ದೇ ಆ ಹಗ್ಗದ ಮೇಲೆ. ಗಂಡನ ಔಷಧಿ, ಅತ್ತೆಯ ಎದೆಯ ಔಷಧಿ, ಒಲೆಯ ಬೆಂಕಿ, ಎಲ್ಲವೂ ಆ ಬಿಳಿ ಬಟ್ಟೆಯಿಂದಲೇ ಹುಟ್ಟಬೇಕಿತ್ತು.

ಒಂದು ಬೆಳಗ್ಗೆ ಸಾಬೂನು ನೊರೆ ಕೊಡಲಿಲ್ಲ.

ಅವಳು ಸಾಬೂನನ್ನು ದೂರಿದಳು. ಬೇರೆಯದನ್ನು ತಂದಳು, ಅದೂ ಅಷ್ಟೇ. ತಿಕ್ಕಿದಷ್ಟೂ ಒಡೆದ ಹಾಲಿನಂಥ ಬಿಳಿ ಚೂರು ಬಕೆಟ್ಟಿನ ಮೇಲೆ ತೇಲಿತು, ಅಂಚಿಗೆ ಜಿಡ್ಡಾಗಿ ಅಂಟಿತು. ನೀರು ಬಿಡುವವನು ಬೀದಿ ತುದಿಯ ವಾಲ್ವ್ ತಿರುಗಿಸಲು ಬಂದಾಗ ಅವನನ್ನು ನಿಲ್ಲಿಸಿ ಕೇಳಿದಳು.

“ನದಿ ನೀರು ಹೊಸ ಬಡಾವಣೆಗೆ ಹೋಯ್ತಕ್ಕ. ಈ ಕಡೆಗೆ ಇನ್ಮೇಲೆ ಬೋರಿನ ನೀರು. ಬಹಳ ಆಳದಿಂದ ಬರುತ್ತೆ, ಕಲ್ಲು ಕರಗಿಸಿಕೊಂಡು ಬರುತ್ತೆ.”

“ಮತ್ತೆ ನದಿ ನೀರು ಯಾವಾಗ ಬಿಡ್ತೀರಿ?”

“ನಾನು ವಾಲ್ವ್ ತಿರುಗಿಸೋನು ಅಷ್ಟೆ ಅಕ್ಕ. ನದಿ ತಿರುಗಿಸೋರು ಬೇರೆ ಇದಾರೆ.”

ಆ ನೀರು ಮೊದಲು ಅಡುಗೆಮನೆಗೆ ನುಗ್ಗಿತು. ಕಾಳು ಎಷ್ಟು ಹೊತ್ತು ಕುದಿಸಿದರೂ ಕಲ್ಲಿನಂತೆಯೇ ಉಳಿಯಿತು. ಅತ್ತೆಯ ಬಾಯಲ್ಲಿದ್ದವು ಎಣಿಸಿ ಕೆಲವು ಹಲ್ಲು. “ಇದನ್ನ ಬೇಯಿಸಿದ್ದೀಯಾ, ಇಲ್ಲ ಪಾಲಿಶ್ ಮಾಡಿದ್ದೀಯಾ?” ಎಂದು ತಟ್ಟೆ ತಳ್ಳಿದಳು. ನೀರು ಕಾಯಿಸುವ ಪಾತ್ರೆಯ ಒಳಗೆ ಸುಣ್ಣದ ಪೊರೆ ಕಟ್ಟಿತು, ಪೊರೆ ದಪ್ಪವಾದಂತೆ ನೀರು ಕಾಯುವುದು ನಿಧಾನವಾಯಿತು. ಬಕೆಟ್ಟಿಗೆ ಇಳಿಬಿಡುವ ವಿದ್ಯುತ್ ಸುರುಳಿಯ ಮೇಲೆ ಸುಣ್ಣ ಹವಳದಂತೆ ಬೆಳೆದು ಒಂದು ದಿನ ಸುರುಳಿ ಸಿಡಿದೇಹೋಯಿತು. ಗಂಡನ ತಲೆಗೂದಲು ತೆಂಗಿನ ನಾರಾಯಿತು. ಸ್ನಾನ ಮಾಡಿದವರಿಗೆಲ್ಲ ಮೈ ಕಡಿತ. ನಲ್ಲಿಯ ಮೂತಿಗೆ ಬಿಳಿ ಹಕ್ಕಳೆ ಹತ್ತಿ, ನೀರು ನೇರ ಬೀಳುವುದನ್ನು ಬಿಟ್ಟು ಮೂರು ದಿಕ್ಕಿಗೆ ಚಿಮ್ಮಿತು. ಕೊನೆಕೊನೆಗೆ ನಲ್ಲಿ ಪೂರ್ತಿ ಮುಚ್ಚದಾಯಿತು. ಎಷ್ಟು ಬಿಗಿದರೂ ಹನಿ, ಹನಿ, ಹನಿ.

ಇದೆಲ್ಲ ಬೀದಿಯ ಎಲ್ಲರ ಮನೆಯಲ್ಲೂ ಇತ್ತು. ಉಳಿದವರಿಗೆ ಅದು ಕಿರಿಕಿರಿ. ಅವಳಿಗೆ ಅನ್ನ. ಹಗ್ಗದ ಮೇಲಿನ ಕೊಕ್ಕರೆಗಳು ದಿನದಿನಕ್ಕೆ ಪಾರಿವಾಳದ ಬಣ್ಣಕ್ಕೆ ಇಳಿದವು.

ಆಸ್ಪತ್ರೆಯ ದಾದಿಯರಿಗೆಲ್ಲ ಹಿರಿಯಳಾದವಳನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಬಿರುಸು ಮಾತಿನವಳು, ಕೆಟ್ಟವಳಲ್ಲ. ಒಂದು ದಿನ ಅವಳು ಮಗು ಸುತ್ತುವ ಬಟ್ಟೆಯೊಂದನ್ನು ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದಳು. ಬಟ್ಟೆ ಅಟ್ಟೆಯ ಹಾಗೆ ನಿಂತಿತು.

“ಮುಟ್ಟಿ ನೋಡು” ಎಂದಳು. “ಇದನ್ನ ನಿನ್ನ ಕೆನ್ನೆಗೆ ತಿಕ್ಕು. ಆಮೇಲೆ ಹೇಳು, ಹುಟ್ಟಿ ಒಂದು ಗಂಟೆಯಾದ ಮಗುವಿಗೆ ಸುತ್ತಬಹುದಾ ಅಂತ.”

ಕೊಕ್ಕರೆ ತಿಕ್ಕಿಕೊಳ್ಳಲಿಲ್ಲ. ಅವಳಿಗೆ ಗೊತ್ತಿತ್ತು.

“ಮಕ್ಕಳ ಮೈ ಕೆಂಪಾಗ್ತಿದೆ. ತಾಯಂದಿರು ಕೇಳ್ತಾರೆ. ಹಿಂದುಗಡೆ ಹೊಸ ಕಟ್ಟಡ ಏಳ್ತಿದೆ, ಅಲ್ಲಿಗೆ ಬಟ್ಟೆ ಒಗೆಯೋ ಮೆಷಿನ್ ತರಿಸೋಣ ಅಂತ ದೊಡ್ಡವರು ಹೇಳ್ತಿದಾರೆ. ಬೇಡ, ನಮ್ಮವಳು ಇದಾಳೆ ಅಂತ ನಾನೇ ತಡೆದಿದೀನಿ. ಕಟ್ಟಡ ಮುಗಿಯೋವರೆಗೂ ನಿನಗೆ ಟೈಮು. ಅಷ್ಟರೊಳಗೆ ನನಗೆ ಹಳೇ ಬಿಳಿ ತೋರಿಸು. ತೋರಿಸಿದ್ರೆ ಕೆಲಸ ನಿನ್ನದೇ. ಇಲ್ಲಾಂದ್ರೆ ನನ್ನ ಬಾಯಿ ಕಟ್ಟಿಹೋಗುತ್ತೆ.”

ಅಂದಿನಿಂದ ಅವಳ ಕಿವಿ ಆ ಕಟ್ಟಡದ ಕಡೆಗೇ ಇತ್ತು. ಗೋಡೆ ಎದ್ದಷ್ಟೂ ಅವಳ ಎದೆ ಕುಸಿಯುತ್ತಿತ್ತು. ಗಂಡನನ್ನು ಕೇಳುವಳು, “ರೀ, ತಾರಸಿ ಹಾಕಿದ ಮೇಲೆ ಇನ್ನೆಷ್ಟು ದಿನದ ಕೆಲಸ ಇರುತ್ತೆ?” ಗಂಡ ಬದುಕೆಲ್ಲ ಕಟ್ಟಡ ಬೇಗ ಮುಗಿಸಿ ಹೆಸರು ತೆಗೆದವನು. ಈಗ ಅವನೂ, “ಆ ಮೇಸ್ತ್ರಿ ಸೋಮಾರಿ ಆಗಿರಲಿ” ಎಂದು ಹಾರೈಸಿದ.

ಮೊದಲು ಕುದಿಸಿ ನೋಡಿದಳು. ಕುದಿಸಿ ಆರಿಸಿದರೆ ತಳದಲ್ಲಿ ಬಿಳಿ ಮಡ್ಡಿ ಕೂರುತ್ತಿತ್ತು, ಮೇಲಿನ ತಿಳಿ ಸ್ವಲ್ಪ ಮೆದುವಾಗುತ್ತಿತ್ತು. ಕಾಳು ಬೇಯಿಸಲು ಅದು ಆಯಿತು, ಅತ್ತೆ ಸುಮ್ಮನಾದಳು. ಆದರೆ ಒಂದು ಆಸ್ಪತ್ರೆಯ ಬಟ್ಟೆಗೆ ಬೇಕಾದ ನೀರು ಕುದಿಸಲು ಮನೆಯ ಬಾಗಿಲು ಕಿಟಕಿಯನ್ನೆಲ್ಲ ಸೌದೆ ಮಾಡಬೇಕಾಗಿತ್ತು.

ಆಮೇಲೆ ಸೋಡಾ. ಒಗೆಯುವ ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ ಪೀಪಾಯಿಗೆ ಸುರಿದು ಕಲಕಿ ಬಿಟ್ಟರೆ ನೀರು ಹಾಲಿನ ಹಾಗೆ ಕದಡಿ, ಸುಣ್ಣವೆಲ್ಲ ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಅಲುಗಾಡಿಸದೆ ಬಸಿದುಕೊಂಡಳು. ಅದರಲ್ಲಿ ಸಾಬೂನು ತಿಕ್ಕಿದರೆ ನೊರೆ ಬಂತು. ಬಹಳ ದಿನದ ಮೇಲೆ ನೊರೆ ಕಂಡು ಅವಳು ಗಂಡನನ್ನು ಕೂಗಿ ಕರೆದಳು. ಅವನು ಕುಂಟುತ್ತ ಬಂದು, ಮಗು ನೋಡುವವನಂತೆ ಬಕೆಟ್ಟಿಗೆ ಬಗ್ಗಿದ.

ಒಗೆದದ್ದೇನೋ ಬಿಳಿ ಬಂತು. ಆದರೆ ಒಗೆದ ಬಟ್ಟೆಯನ್ನು ಜಾಲಿಸಬೇಕು. ಜಾಲಿಸಲು ಮತ್ತೆ ನಲ್ಲಿಯ ನೀರೇ. ಬಟ್ಟೆಯಲ್ಲಿ ಉಳಿದ ಸಾಬೂನನ್ನು ಆ ನೀರು ಮತ್ತೆ ಒಡೆದು, ಎಳೆಎಳೆಗೂ ಸುಣ್ಣ ಹಚ್ಚಿ ಕಳಿಸುತ್ತಿತ್ತು. ಒಣಗಿದರೆ ಮತ್ತೆ ಅದೇ ಪಾರಿವಾಳ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಕೊನೆಯ ಜಾಲಿಕೆಗೆ ನಿಂಬೆ ಉಪ್ಪು ಕರಗಿಸಿ ಹಾಕಿದಳು. ಬಟ್ಟೆ ಕೊಂಚ ಮೆತ್ತಗಾಯಿತು, ನಲ್ಲಿಯ ಹಕ್ಕಳೆಗೆ ಅದರಲ್ಲೇ ಚಿಂದಿ ನೆನೆಸಿ ಕಟ್ಟಿದರೆ ಹಕ್ಕಳೆ ಉದುರಿತು. ಬಿಳಿ ಮಾತ್ರ ತಿರುಗಿ ಬರಲಿಲ್ಲ. ಪೀಪಾಯಿಗಟ್ಟಲೆ ಸೋಡಾ ನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳಿನ ಗೆಣ್ಣುಗಳು ಬಿರಿದವು. ಇಸ್ತ್ರಿ ಹಿಡಿದಾಗ ಬಿರುಕಿನಿಂದ ರಕ್ತ ಜಿನುಗಿ ಬಟ್ಟೆಗೆ ತಾಗೀತೆಂದು ಬೆರಳಿಗೆಲ್ಲ ಚಿಂದಿ ಸುತ್ತಿಕೊಂಡಳು.

“ಕೈ ತೋರಿಸೇ” ಎಂದಳು ಅತ್ತೆ ಒಂದು ದಿನ.

“ಏನಿಲ್ಲ ಅತ್ತೆ.”

“ಏನಿಲ್ಲ ಅನ್ನೋ ಕೈ ಹಿಂದೆ ಯಾಕೆ ಹೋಯ್ತು?” ಮುದುಕಿ ಕೈ ಎಳೆದುಕೊಂಡು ನೋಡಿದಳು. ಚಿಂದಿ ಬಿಚ್ಚಿ ಎಣ್ಣೆ ಸವರಿದಳು. ಸವರುತ್ತಿದ್ದಾಗ ಇಬ್ಬರ ಕಣ್ಣೂ ಒಮ್ಮೆ ಇಸ್ತ್ರಿ ಕೋಣೆಯ ನೆಲಕ್ಕೆ ಹೋಗಿ ಬಂತು.

ಮಳೆಗಾಲ ಅವಳನ್ನು ಸ್ವಲ್ಪ ಕಾಪಾಡಿತು. ಗಂಡ ಸೂರಿನ ಅಂಚಿಗೆ ಮಳೆನೀರು ಹಿಡಿಯಲು ತಗಡಿನ ದೋಣಿ ಕಟ್ಟಿಕೊಟ್ಟ. ಇದ್ದ ಪೀಪಾಯಿ, ಕೊಡ, ಬಾನಿ, ಕೊನೆಗೆ ಅತ್ತೆಯ ಹಳೆಯ ಟ್ರಂಕು ಕೂಡ ದೋಣಿಯ ಕೆಳಗೆ ಬಂತು. ಮಳೆನೀರಿಗೆ ಯಾವ ಮದ್ದೂ ಬೇಕಿರಲಿಲ್ಲ. ಒಗೆಯುವುದು ಸೋಡಾ ತಿಳಿಯಲ್ಲಿ, ಜಾಲಿಸುವುದು ಮಳೆಯಲ್ಲಿ. ಕೊಕ್ಕರೆಗಳು ಮರಳಿ ಬಂದವು. ದೊಡ್ಡ ಸಿಸ್ಟರ್ ಬಟ್ಟೆಯನ್ನು ತನ್ನ ಕೆನ್ನೆಗೇ ಒತ್ತಿ ನೋಡಿ, “ಹೀಗೇ ಇರಲಿ” ಎಂದಳು. ಆದರೆ ಮಳೆಯಲ್ಲಿ ಬಟ್ಟೆ ಒಣಗಲು ಬಿಸಿಲಿಲ್ಲ, ಬಿಸಿಲು ಬಂದಾಗ ಜಾಲಿಸಲು ಮಳೆಯಿಲ್ಲ. ಕೂಡಿಟ್ಟ ನೀರು ಎಷ್ಟು ದಿನದ್ದು. ಮೋಡ ಹರಿಯಿತು, ಪೀಪಾಯಿಯ ತಳ ಕಂಡಿತು. ಆಚೆ ಹೊಸ ಕಟ್ಟಡಕ್ಕೆ ತಾರಸಿ ಬಿತ್ತು.

ಆಗ ಅವಳಿಗೆ ತಲೆ ಕೆಟ್ಟಿತು. ಬ್ಲೀಚು ತಂದಳು.

ಬಿಳಿಯ ಕೆಲಸದವರಿಗೆ ಬ್ಲೀಚು ಹೊಸದಲ್ಲ. ಕಲೆಗೆ ಒಂದು ಮುಚ್ಚಳ ಹಾಕುವುದು, ಅಷ್ಟೇ. ಅದನ್ನು ನಿಂಬೆ ಉಪ್ಪಿನ ಬಕೆಟ್ಟಿಗೆ ಸೇರಿಸಿದರೆ ಉಸಿರು ಕಟ್ಟಿಸುವ ಹೊಗೆ ಏಳುತ್ತದೆ ಎಂಬ ಎಚ್ಚರವೂ ಅವಳಿಗಿತ್ತು, ಎರಡನ್ನೂ ದೂರ ಇಟ್ಟಿದ್ದಳು. ಗೊತ್ತಿಲ್ಲದ್ದು ಇನ್ನೊಂದು. ದೊಡ್ಡ ಬಾನಿಗೆ ನಲ್ಲಿ ನೀರು ತುಂಬಿ, ಧಾರಾಳವಾಗಿ ಬ್ಲೀಚು ಸುರಿದು, ಮಗು ಸುತ್ತುವ ಬಟ್ಟೆಯನ್ನೆಲ್ಲ ಒಟ್ಟಿಗೆ ಮುಳುಗಿಸಿದಳು. ಕಡಮೆಯಾದೀತೆಂದು ಇನ್ನಷ್ಟು ಸುರಿದಳು. ಊಟ ಮಾಡಿ ಬಂದು ಬಾನಿಯ ಮುಚ್ಚಳ ತೆಗೆದರೆ ಬಟ್ಟೆಯ ಮೇಲೆಲ್ಲ ತುಕ್ಕಿನ ಬಣ್ಣ. ಚುಕ್ಕೆ ಚುಕ್ಕೆ, ಕೆಲವು ಕಡೆ ಮೋಡದ ಹಾಗೆ ಹರಡಿದ್ದು. ತಿಕ್ಕಿದಳು. ಹೋಗಲಿಲ್ಲ. ಇನ್ನೂ ಬ್ಲೀಚು ಹಾಕಿದಳು. ಇನ್ನೂ ಹಳದಿಯಾಯಿತು.

ಅತ್ತೆ ಹೊಸ್ತಿಲಲ್ಲಿ ನಿಂತು ನೋಡಿ, “ನಿಲ್ಲಿಸೇ. ಬಟ್ಟೆ ಸತ್ತುಹೋಯ್ತು” ಎಂದಳು.

ಆ ಗಂಟನ್ನು ಹೊತ್ತು ಆಸ್ಪತ್ರೆಗೆ ಹೋದಾಗ ದೊಡ್ಡ ಸಿಸ್ಟರ್ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಸ ಕಟ್ಟಡದ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಆಗಲೇ ಒಂದು ಉದ್ದನೆಯ ನೀಲಿ ಪೀಪಾಯಿ ನಿಂತಿತ್ತು, ಪಕ್ಕದಲ್ಲಿ ಚೀಲಗಟ್ಟಲೆ ಉಪ್ಪು.

“ಇದು ನೀರನ್ನ ಮೆತ್ತಗೆ ಮಾಡೋ ಮೆಷಿನ್ನು. ಒಳಗೆ ಸಾಸಿವೆ ಕಾಳಿನಂಥ ಮಣಿ ಇರುತ್ತಂತೆ. ಅವು ಸುಣ್ಣ ಹಿಡ್ಕೊಂಡು ನೀರು ಬಿಡ್ತವೆ. ಮಣಿಗೆ ಹೊಟ್ಟೆ ತುಂಬಿದ ಮೇಲೆ ಉಪ್ಪುನೀರಲ್ಲಿ ತೊಳೆದ್ರೆ ಮತ್ತೆ ಹಸಿವಾಗುತ್ತಂತೆ. ಜೋಡಿಸೋನು ಬಂದಿದ್ದ. ನಿನ್ನ ಬಟ್ಟೆ ಕಥೆ ಹೇಳಿದೆ. ಈ ಬೋರಿನ ನೀರಲ್ಲಿ ಕಬ್ಬಿಣಾನೂ ಕರಗಿದೆಯಂತೆ, ಕಣ್ಣಿಗೆ ಕಾಣಲ್ಲ. ಬ್ಲೀಚು ಬಿದ್ದ ತಕ್ಷಣ ಅದು ತುಕ್ಕಾಗಿ ಬಟ್ಟೆ ಮೇಲೆ ಕೂರುತ್ತಂತೆ. ಅದಕ್ಕೇ ಕಬ್ಬಿಣ ಸೋಸೋಕೆ ಮುಂದೆ ಇನ್ನೊಂದು ಪೀಪಾಯಿ ಇಡ್ತಾರೆ.”

ಕೊಕ್ಕರೆ ನೀಲಿ ಪೀಪಾಯಿಯನ್ನು ಮುಟ್ಟಿ ನೋಡಿದಳು. “ಇಂಥದ್ದು ಮನೆಗೆ ಚಿಕ್ಕದು ಬರುತ್ತಾ ಸಿಸ್ಟರ್?”

“ಮನೆಮಂದಿ ಸ್ನಾನಕ್ಕೆ ಬರೋ ಅಂಥದ್ದು ಬರುತ್ತೆ. ಅದರಲ್ಲೂ, ಉಪ್ಪು ಬಿಡಬೇಕು ಅಂತ ಡಾಕ್ಟರು ಹೇಳಿದವರು ಆ ನೀರು ಕುಡಿಯೋ ಹಾಗಿಲ್ಲ, ಕುಡಿಯೋಕೆ ಬೇರೆ ನಲ್ಲಿ ಇಟ್ಟುಕೋಬೇಕು. ನಿಮ್ಮತ್ತೆಗೆ ಎದೆ ಕಾಯಿಲೆ ಅಲ್ವಾ. ಇನ್ನು ನೀನು ಒಗೆಯೋ ಅಷ್ಟು ನೀರಿಗೆ ಅಂದ್ರೆ ಇಷ್ಟೇ ದೊಡ್ಡದು ಬೇಕು. ಮನೇಲಿ ಆನೆ ಕಟ್ಟಿದ ಹಾಗೆ.”

ಬಾಗಿಲವರೆಗೆ ಬಂದು ಸಿಸ್ಟರೇ ಹೇಳಿದಳು. “ನೋಡು, ಇನ್ನು ಬಣ್ಣ ಬಳಿಯೋ ಕೆಲಸ ಒಂದು ಬಾಕಿ ಇದೆ. ಅದು ಮುಗಿಯೋವರೆಗೆ ನಾನು ಯಾರಿಗೂ ಏನೂ ಹೇಳಲ್ಲ. ಒಂದೇ ಒಂದು ಗಂಟು ಹಾಲಿನ ಹಾಗೆ ತಂದುಕೊಡು. ಅದನ್ನ ಹಿಡ್ಕೊಂಡು ನಾನು ಜಗಳ ಆಡ್ತೀನಿ.”

ಮನೆಗೆ ಬಂದವಳು ಅಂಗಳದಲ್ಲಿ ನಿಲ್ಲಲಿಲ್ಲ. ನೇರ ಇಸ್ತ್ರಿ ಕೋಣೆಗೆ ಹೋಗಿ ಮೇಜನ್ನು ಗೋಡೆಗೆ ಎಳೆದಳು. ನೆಲದ ನಡುವೆ ನಿಂತು, ಅತ್ತೆಯ ಹಾಗೆಯೇ ಹಿಮ್ಮಡಿಯಿಂದ ತಟ್ಟಿದಳು.

“ರೀ” ಎಂದಳು, “ಇದನ್ನ ಒಡೀರಿ.”

ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತ. “ಬಾಯಾರಿದ ಮೇಲೆ ಬಾವಿ ತೋಡೋದಾ?”

“ಹೊಸದು ತೋಡೋದಲ್ಲ. ಇದ್ದದ್ದನ್ನ ತೆಗೆಯೋದು.”

“ಗೋಡೆ ನಿಂತಿರೋದು ಬಾವಿಕಟ್ಟೆ ಮೇಲೆ ಕಣೇ. ಮನೆ ಹಿಂಗೋಡೆಯ ತೊಲೆ ಇದರ ಮೇಲೇ ಕೂತಿದೆ.”

“ಗೋಡೆ ಉಣ್ಣೋಕಾಗುತ್ತಾ?”

ಒಳಗಿನಿಂದ ಅತ್ತೆಯ ದನಿ ಬಂತು. “ಒಡಿಯೋ. ಕೆಳಗೆ ನೀರಿದೆ. ನನ್ನ ಕಾಲಿಗೆ ತಣ್ಣಗೆ ತಾಗುತ್ತೆ.”

ತಾನೇ ಕೈಯಾರೆ ನಯಮಾಡಿದ ನೆಲಕ್ಕೆ ಗಾರೆಯವನು ಸುತ್ತಿಗೆ ಎತ್ತಿದ. ಮೊದಲ ಏಟು ಸರಿಯಾಗಿ ಬೀಳಲಿಲ್ಲ, ಜಾರಿತು. ಎರಡನೆಯದಕ್ಕೆ ನೆಲ ಬಿರಿಯಿತು. ಆಮೇಲೆ ದಿನಗಟ್ಟಲೆ ಅದೇ ಕೆಲಸ. ಅವನು ಒಳಗೆ ಇಳಿದು, ಒಡೆದ ಮಂಡಿಯನ್ನು ಒಂದು ಪಕ್ಕಕ್ಕೆ ಚಾಚಿಕೊಂಡು ಕೂತು ಬುಟ್ಟಿ ತುಂಬುವನು. ಅವಳು ಹಗ್ಗ ಹಿಡಿದು ಮೇಲೆ ಎಳೆಯುವಳು. ಬಟ್ಟೆ ಒಣಗಿಸುವ ಹಗ್ಗವೇ ಅದು, ಬೇರೆ ಇರಲಿಲ್ಲ. ಚಿಂದಿ ಸುತ್ತಿದ ಬೆರಳಿನಿಂದ ಹಗ್ಗಕ್ಕೆ ಕೆಂಪು ಹತ್ತಿತು. ಹಿಂದೆ ಸುರಿದದ್ದೆಲ್ಲ ಹಿಂದಿರುಗಿ ಬಂತು. ಇಟ್ಟಿಗೆ, ಹೆಂಟೆ, ಮಡಕೆ ಚೂರು. ಒಂದು ಬುಟ್ಟಿಯಲ್ಲಿ ಮರದ ರಾಟೆ ಬಂದಾಗ ಅತ್ತೆ ಅದನ್ನು ಕಿತ್ತುಕೊಂಡಂತೆ ಎತ್ತಿಕೊಂಡು, “ಗುಜರಿಗೆ ಹಾಕಿದೆ ಅಂದಿದ್ದೆಯಲ್ಲೋ ಕಳ್ಳ” ಎಂದಳು. ಮಡಿಲಲ್ಲಿ ಇಟ್ಟುಕೊಂಡು ಸೆರಗಿನಿಂದ ಒರೆಸುತ್ತ ಕೂತಳು.

ಟೈಲರ್ ಬಂದು ಇಣುಕಿದ. “ನಿಧಿ ಸಿಕ್ತೇನಕ್ಕ?” ಎಂದವನು ಅವಳ ಮುಖ ನೋಡಿ ಹಿಂದಿರುಗಿದ. ಆಮೇಲೆ ಮೆಷಿನ್ನು ಮುಚ್ಚಿಟ್ಟು ಬಂದು ಹಗ್ಗದ ಇನ್ನೊಂದು ತುದಿ ಹಿಡಿದ.

ಒಂದು ಮಧ್ಯಾಹ್ನ ಬುಟ್ಟಿಯಲ್ಲಿ ಬಂದ ಮಣ್ಣು ಒದ್ದೆಯಾಗಿತ್ತು. ಅವಳು ಅದನ್ನು ಹಿಂಡಿದಳು. ಬೆರಳ ಸಂದಿಯಲ್ಲಿ ನೀರು ಇಳಿಯಿತು. ಅತ್ತೆ ಆ ಮಣ್ಣನ್ನು ಹಣೆಗೆ ಒತ್ತಿಕೊಂಡಳು. ಗಂಡ ಕೆಳಗಿನಿಂದ, “ತಳದ ಕಲ್ಲು ಸಿಕ್ತು. ಪಕ್ಕದಲ್ಲಿ ಒಸರ್ತಿದೆ. ಬೊಗಸೆಯಷ್ಟು ನಿಂತಿದೆ” ಎಂದು ಕೂಗಿದ.

“ಮುಟ್ಟಬೇಡಿ” ಎಂದಳು ಅವಳು. “ನಾನು ಬರ್ತೀನಿ.”

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕೈಯಲ್ಲಿ ಒಂದು ಸಾಬೂನು ಬಿಲ್ಲೆ ಹಿಡಿದು ಇಳಿದಳು. ಮೇಲೆ ಟೈಲರ್, ಅತ್ತೆ ಇಬ್ಬರೂ ಬಗ್ಗಿ ನೋಡಿದರು. ಕಲ್ಲಿನ ಮೂಲೆಯಲ್ಲಿ ನಿಂತ ನೀರು ತಿಳಿಯಾಗಲೆಂದು ಅವಳು ಕಾದಳು. ಆಮೇಲೆ ಕೈ ತೋಯಿಸಿ ಸಾಬೂನು ಸವರಿದಳು. ಉಜ್ಜಿದಳು. ಇನ್ನೊಮ್ಮೆ ತೋಯಿಸಿ, ಇನ್ನೊಮ್ಮೆ ಸವರಿ ಉಜ್ಜಿದಳು.

ಬೆರಳಿನ ಮೇಲೆ ಒಡೆದ ಹಾಲು.

ಅವಳು ಆ ನೀರನ್ನು ನಾಲಿಗೆಗೆ ಮುಟ್ಟಿಸಿದಳು. ಸೋಡಾದ ಕಹಿ. ಬಾವಿಯ ಊಟೆ ಬತ್ತಿ ಯಾವ ಕಾಲವಾಗಿತ್ತೋ. ಆಳದ ಬೋರುಗಳು ಮೇಲಿನ ನೀರನ್ನು ಯಾವಾಗ ಎಳೆದುಕೊಂಡವೋ. ಒಸರುತ್ತಿದ್ದದ್ದು ಅವಳದೇ ಒಗೆಯುವ ಕಲ್ಲಿನಿಂದ ಚೆಲ್ಲಿ ಚೆಲ್ಲಿ ನೆಲಕ್ಕೆ ಇಳಿದ ನಲ್ಲಿಯ ನೀರು. ಅತ್ತೆಯ ಕಾಲಿಗೆ ತಣ್ಣಗೆ ತಾಗಿದ್ದೂ ಅದೇ.

“ಏನಾಯ್ತೇ?” ಮೇಲಿನಿಂದ ಮುದುಕಿ ಕೇಳಿದಳು. “ನೊರೆ ಬಂತಾ?”

ಗಂಡ ಹೆಂಡತಿಯ ಕೈ ನೋಡಿದ. ಅವಳು ತಲೆ ಎತ್ತಲಿಲ್ಲ.

“ಬಂತು ಅತ್ತೆ” ಎಂದಳು. “ಸ್ವಲ್ಪ ಬಂತು.”

ಮುದುಕಿ ಇನ್ನಷ್ಟು ಬಗ್ಗಿ ಸೊಸೆಯ ತಗ್ಗಿದ ತಲೆಯನ್ನು ನೋಡಿದಳು. ಆಮೇಲೆ, “ಮೇಲೆ ಬಾ ಮಗಳೇ” ಎಂದಳು. ಅಷ್ಟು ವರ್ಷದಲ್ಲಿ ಹುಡುಗಿ ಎಂದಿದ್ದಳು, ಏನೇ ಎಂದಿದ್ದಳು, ಮಗಳೇ ಎಂದದ್ದು ಅವತ್ತೇ.

ಅವಳನ್ನು ಮೇಲೆ ಎಳೆದು ಗಂಡನನ್ನೂ ಎಳೆದ ಮೇಲೆ ಟೈಲರ್ ಗೋಡೆಗೆ ಒರಗಲು ಹೋಗಿ ಹಿಂದೆ ಸರಿದ. ಇಸ್ತ್ರಿ ಕೋಣೆಯ ಮೂಲೆಯಿಂದ ಒಂದು ಬಿರುಕು ಎದ್ದು, ಮನೆಯ ಹಿಂಗೋಡೆಗೆ ದಾಟಿ, ತೊಲೆಯ ಕೆಳಗೆ ಹೋಗಿ ನಿಂತಿತ್ತು. ಗಾರೆಯವನು ಅದರೊಳಗೆ ಕಿರುಬೆರಳು ಇಟ್ಟು ನೋಡಿದ. ಮಾರನೆಯ ಬೆಳಗ್ಗೆ ಇಟ್ಟಾಗ ಹೆಬ್ಬೆರಳು ಹಿಡಿಯಿತು. ಬೇರೆಯವರ ಮನೆಯಾಗಿದ್ದರೆ ಏನು ಹೇಳುತ್ತಿದ್ದನೋ ಅದನ್ನೇ ಹೇಳಿದ. “ಇದರ ಕೆಳಗೆ ಯಾರೂ ಮಲಗಬಾರದು. ಬಾವಿ ಮುಚ್ಚಿದ್ರೂ ಇನ್ನು ಇದು ನಿಲ್ಲಲ್ಲ. ಒಂದು ಮಳೆ ಸಾಕು.”

ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಅಷ್ಟರಲ್ಲಿ ಬಣ್ಣ ಬಳಿದಾಗಿತ್ತು. ಬಿಳಿ ಬಣ್ಣವೇ.

ಬೇರೆ ಊರಿನಲ್ಲಿ ಗಂಡನ ಅಕ್ಕನ ಮನೆಯಿತ್ತು. ಹಿಂದಿನ ಕೋಣೆ ಬಿಟ್ಟುಕೊಡುತ್ತೇನೆ, ಮನೆಗೆಲಸಕ್ಕೂ ಒಂದು ಕೈ ಆಯಿತು ಎಂದು ಅತ್ತಿಗೆ ಹೇಳಿ ಕಳಿಸಿದಳು. ಕೈ ಎಂದರೆ ಯಾರದೆಂದು ಕೊಕ್ಕರೆಗೆ ತಿಳಿಯಿತು. ಹೋಗುವ ದಿನ ಬಾಡಿಗೆ ಗಾಡಿ ಬಂತು. ಪಾತ್ರೆ, ಹಾಸಿಗೆ, ಟ್ರಂಕು ಏರಿದವು. ಅತ್ತೆ ರಾಟೆಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು. ಗಂಡ ಕೈ ಚಾಚಿ, “ಹತ್ತು” ಎಂದ.

“ಆಸ್ಪತ್ರೆದೊಂದು ಗಂಟು ಹಗ್ಗದ ಮೇಲಿದೆ. ಒಣಗಲಿ. ಮುಟ್ಟಿಸಿ ಸಂಜೆ ಬಸ್ಸಿಗೆ ಬರ್ತೀನಿ.”

“ಇನ್ನೇನು ಆಸ್ಪತ್ರೆ ಕೆಲಸ ನಮ್ಮದಲ್ಲವಲ್ಲ. ಹಾಗೇ ಮಡಚಿ ಕೊಟ್ಟರಾಯ್ತು.”

“ಒದ್ದೆ ಬಟ್ಟೆ ಕೊಡ್ತಾರಾ ಯಾರಾದ್ರೂ?” ಎಂದಳು.

ಗಾಡಿ ಹೋಯಿತು. ಖಾಲಿ ಮನೆಯಲ್ಲಿ ನಲ್ಲಿಯ ಹನಿಯ ಸದ್ದು ದೊಡ್ಡದಾಗಿ ಕೇಳಿತು. ಬಿಸಿಲು ಏರಿದ ಮೇಲೆ ಅವಳು ಬಟ್ಟೆ ತೆಗೆದಳು. ಬೂದುಬಣ್ಣದ್ದು, ಅಟ್ಟೆಯಂಥದ್ದು. ಇಸ್ತ್ರಿ ಕೋಣೆಗೆ ಹೋಗುವಂತಿರಲಿಲ್ಲ. ಮೇಜನ್ನು ಮೊದಲೇ ಅಂಗಳಕ್ಕೆ ತಂದಿದ್ದಳು. ಅಲ್ಲೇ ನಿಂತು ಒಂದೊಂದನ್ನೂ ನೀರು ಚಿಮುಕಿಸಿ, ಅಂಚಿಗೆ ಅಂಚು ಕೂಡಿಸಿ ಇಸ್ತ್ರಿ ಮಾಡಿದಳು. ಮಗು ಸುತ್ತುವ ಬಟ್ಟೆಗಳನ್ನು ಇಸ್ತ್ರಿ ಮುಗಿದ ಮೇಲೂ ಬಿಡದೆ ಎರಡು ಕೈಯ ನಡುವೆ ಹಿಡಿದು ಉಜ್ಜಿದಳು, ಮೆತ್ತಗಾಗಲೆಂದು. ಒಂದೊಂದು ಬಟ್ಟೆಗೂ ಬಹಳ ಹೊತ್ತು ಹಿಡಿಯಿತು. ಸ್ವಲ್ಪ ಮೆತ್ತಗಾದವು.

ಗಂಟು ಕಟ್ಟಿ ಹೊರಗಿಟ್ಟು ಬಾಗಿಲು ಎಳೆದಳು. ಬೀಗ ಹಾಕಲು ಏನಿತ್ತು, ಆದರೂ ಹಾಕಿದಳು. ಎದುರು ಮನೆಯ ಟೈಲರ್ ಎದ್ದು ನಿಂತ.

“ಒಳಗೆ ನಲ್ಲಿ ಹನೀತಿದೆ ಅಕ್ಕ” ಎಂದ.

“ಅದು ಮುಚ್ಚಲ್ಲ ಕಣಪ್ಪ. ನಾನೂ ತಿರುಗಿಸಿ ತಿರುಗಿಸಿ ನೋಡಿದೆ.”

ಗಂಟನ್ನು ತಲೆಗೆ ಏರಿಸಿಕೊಂಡು ಆಸ್ಪತ್ರೆಯ ಕಡೆಗೆ ನಡೆದಳು. ಬೀದಿ ತಿರುಗುವಲ್ಲಿ ಒಂದು ಗಳಿಗೆ ನಿಂತಳು. ದಣಿದ ಕಾಲನ್ನು ಮಡಚಿ ಇನ್ನೊಂದರ ಮಂಡಿಗೆ ಒರಗಿಸಿದಳು, ತಲೆಯ ಮೇಲಿನ ಗಂಟು ಅಲುಗಲಿಲ್ಲ. ಆಮೇಲೆ ಕಾಲು ಇಳಿಸಿ, ಮೂಲೆ ತಿರುಗಿದಳು.